ನಮ್ಮ ಫಿಯಟ್ ಸಾಹೇಬರು

ಭಾನುವಾರ ಬೆಳಿಗ್ಗೆ ಏಳಲು ನಮ್ಮ ಬೀದಿಯಲ್ಲಿ ಯಾರೂ ಅಲಾರಂ ಇಡುವುದಿಲ್ಲ. ಎಂಟೂವರೆಗೆ ಮೊದಲು ಒಂದು ಕೆಮ್ಮು, ಆಮೇಲೆ ಉದ್ದನೆಯ ಗೊರಗೊರ, ಹಿಂದೆಯೇ ಪೆಟ್ರೋಲ್ ವಾಸನೆ. ಫಿಯಟ್ ಸಾಹೇಬರು ಹೊರಟರು ಎಂದರ್ಥ. ಹೊರಟರು ಎಂದೆನೇ ಹೊರತು ಹೋದರು ಎನ್ನಲಿಲ್ಲ. ಎರಡರ ನಡುವೆ ಎಷ್ಟೋ ಸಲ ಅರ್ಧ ಗಂಟೆ ಇರುತ್ತದೆ.

ಮೊದಲು ಇವರು ಬರೀ ಸಾಹೇಬರಾಗಿದ್ದರು. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಜಯನಗರದಲ್ಲಿ ಸ್ವಂತ ಮನೆ, ಗೇಟಿನೊಳಗೆ ವಿದೇಶಿ ಕಾರು. ಆ ಕಾರು ಬೆನ್ನು ಒತ್ತುತ್ತಿತ್ತು, ಸೀಟು ತಣ್ಣಗೆ ಮಾಡುತ್ತಿತ್ತು, ಹಿಂದೆ ಬೀದಿನಾಯಿ ಮಲಗಿದ್ದರೆ ಕಿರುಚುತ್ತಿತ್ತು. ಒಂದು ದಿನ ಕೀಲಿಯೊಳಗಿನ ಗುಂಡಿ ಸೆಲ್ ಸತ್ತಿತು. ಅಷ್ಟು ದೊಡ್ಡ ಕಾರು ಯಜಮಾನರ ಗುರುತೇ ಇಲ್ಲದಂತೆ ಸುಮ್ಮನೆ ನಿಂತಿತು. ಸಾಹೇಬರಿಗೆ ಅಲ್ಲೇ ವೈರಾಗ್ಯ ಬಂತು. "ಎಪ್ಪತ್ತು ಲಕ್ಷದ ಕಾರು ಐವತ್ತು ರೂಪಾಯಿ ಸೆಲ್ಲಿನ ಆಳು! ಮನುಷ್ಯನಿಗೆ ಅರ್ಥವಾಗೋ ಯಂತ್ರ ಬೇಕು ಕಣ್ರೀ, ಸರಳವಾಗಿ ಬದುಕಬೇಕು" ಎಂದವರೇ ಅದನ್ನು ಮಾರಿ, 1964ರ ಫಿಯಟ್ 1100 ಡಿಲೈಟ್ ತಂದರು. ಮುಂದೆ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿದ್ದು ಇದೇ ಮನೆತನ. ಆ ಊರು 2023ರಲ್ಲಿ ತನ್ನ ಕೊನೆಯ ಪದ್ಮಿನಿ ಟ್ಯಾಕ್ಸಿಯನ್ನು ಕೈಬಿಟ್ಟಿತು. ಸಾಹೇಬರು ಕೈಹಿಡಿದರು.

ಕಾರಿನ ನಂಬರು ಎಂ, ವೈ ಎಂದು ಶುರುವಾಗುತ್ತದೆ. ಅದು ಹಳೆಯ ಮೈಸೂರು ರಾಜ್ಯದ ಗುರುತು. "ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರಲ್ಲಿ, ನನ್ನ ಕಾರು ಅದಕ್ಕಿಂತ ಒಂಬತ್ತು ವರ್ಷ ದೊಡ್ಡದು" ಎಂದು ಸಾಹೇಬರು ಹಾಲಿನವನಿಗೂ ಪಾಠ ಮಾಡಿದ್ದಾರೆ. ಎದುರುಮನೆ ಹುಡುಗಿ ಮಾತ್ರ ಅದನ್ನು 'ಮೈ' ಎಂದು ಓದಿಕೊಂಡು, "ಅಂಕಲ್, ನಂದು ಅಂತ ಯಾಕೆ ಬರೆಸಿದೀರಾ? ಇದನ್ನ ಯಾರಾದ್ರೂ ಕದೀತಾರಾ?" ಎಂದಳು.

ಸರಳತೆ ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಇವರು ಗಾಡಿ ಸ್ಟಾರ್ಟ್ ಮಾಡುವುದನ್ನು ನೋಡಬೇಕು. ಬಾನೆಟ್ ಎತ್ತಿ ನೀರು, ಆಯಿಲ್ ನೋಡುವುದು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟಿಗೆ ಎಮರಿ ಕಾಗದ ಆಡಿಸುವುದು. ಚೋಕ್ ಎಳೆಯುವುದು. ಆಕ್ಸಿಲರೇಟರನ್ನು ಎರಡೇ ಸಲ ಒತ್ತುವುದು. ಆತುರಕ್ಕೆ ಮೂರನೆಯ ಸಲ ಒತ್ತಿದರೆ ಪ್ಲಗ್ಗು ಒದ್ದೆ. ಆಗ ನಾಲ್ಕೂ ಪ್ಲಗ್ಗು ಬಿಚ್ಚಿ, ಹೆಂಡತಿ ಒಣಹಾಕಿದ ಹಪ್ಪಳದ ಪಕ್ಕ ಬಿಸಿಲಿಗಿಡುವುದು. "ಒಂದೂ ಸೆನ್ಸರ್ ಇಲ್ಲ ನೋಡಿ" ಎಂದು ಹೆಮ್ಮೆಪಡುತ್ತಾರೆ. ಇಲ್ಲ ನಿಜ, ಆ ಕೆಲಸ ಈಗ ಸಾಹೇಬರ ಮೂಗು ಕಿವಿಗಳ ಪಾಲಿಗೆ ಬಂದಿದೆ. ಮದುವೆಮನೆಯಲ್ಲಿ ಒಗ್ಗರಣೆ ಸೀದ ವಾಸನೆ ಬಂದರೂ ಎಲೆ ಬಿಟ್ಟು ಪಾರ್ಕಿಂಗಿಗೆ ಓಡುತ್ತಾರೆ.

ಏಪ್ರಿಲ್‌ನಲ್ಲೊಂದು ಮಧ್ಯಾಹ್ನ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತೇಹೋಯಿತು. ಬಿಸಿಲಿಗೂ ಇಂಜಿನ್ನಿನ ಕಾವಿಗೂ ಪೈಪಿನಲ್ಲೇ ಪೆಟ್ರೋಲ್ ಆವಿಯಾದರೆ ಪಂಪು ಬರೀ ಆವಿ ಎಳೆಯುತ್ತದೆ. ವೇಪರ್ ಲಾಕ್ ಎನ್ನುತ್ತಾರೆ. ದೋಷವಲ್ಲ, ಆ ಕಾಲದ ಗಾಡಿಗಳ ಜಾಯಮಾನ. ಸಾಹೇಬರು ಶಾಂತವಾಗಿ ಇಳಿದು, ಬಾಟಲಿ ನೀರಲ್ಲಿ ಬಟ್ಟೆ ಅದ್ದಿ, ಜ್ವರದ ಮಗುವಿನ ಹಣೆಗೆ ಹಾಕುವಂತೆ ಪಂಪಿಗೆ ಪಟ್ಟಿ ಹಾಕಿದರು. ಹಿಂದೆ ಹಾರನ್ನುಗಳ ಸಂತೆ. ಅಷ್ಟರಲ್ಲಿ ಸ್ಕೂಟರಿನ ಹಿರಿಯರೊಬ್ಬರು ಗಾಡಿ ಪಕ್ಕಕ್ಕೆ ಹಾಕಿ ಬಂದು, ಬಾನೆಟ್ ಸವರಿ, "ನಮ್ಮ ದೊಡ್ಡಪ್ಪನ ಹತ್ರ ಇಂಥದ್ದೇ ಇತ್ತು" ಎಂದರು. ಈ ಮಾತು ಹೇಳದವರು ಬೆಂಗಳೂರಲ್ಲಿ ಇದುವರೆಗೆ ಇವರಿಗೆ ಸಿಕ್ಕಿಲ್ಲ. ಫಿಯಟ್‌ಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ಇಷ್ಟೊಂದು ದೊಡ್ಡಪ್ಪಂದಿರಿಗೆ ಕುರ್ಲಾ ಕಾರ್ಖಾನೆ ಅದು ಹೇಗೆ ಕಾರು ಒದಗಿಸಿತೋ!

ಇಷ್ಟಾಗಿ ಸಾಹೇಬರು ಆಫೀಸಿಗೆ ಹೋಗುವುದು ಮೆಟ್ರೋದಲ್ಲಿ. ಬಿಡಿಭಾಗ ಹುಡುಕಿ ಜೆ.ಸಿ. ರಸ್ತೆಗೆ ಹೋಗುವುದು ಆಟೋದಲ್ಲಿ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಪೆಟ್ರೋಲಿಗೋ ರಿಪೇರಿಗೋ ಒಯ್ಯಬಹುದು, ದಿನದ ಓಡಾಟಕ್ಕೆ ಬಳಸುವಂತಿಲ್ಲ. "ಮಾಡಿಸಲೇನೇ?" ಎಂದು ಸಾಹೇಬರು ಹೆಂಡತಿಯನ್ನು ಕೇಳಿದರು. "ಅದಕ್ಕೆ ಸರ್ಕಾರ ಯಾಕೆ ಬೇಕು? ಈಗ ಮಾತ್ರ ರಿಪೇರಿ ಬಿಟ್ಟು ಇನ್ನೆಲ್ಲಿಗೆ ಹೋಗ್ತಿದೆ?" ಎಂದರು ಆಕೆ.

ಹೋದ ವಾರ ನೆಂಟರ ಮನೆಯ ಗೃಹಪ್ರವೇಶ. ಆಕೆ ರೇಷ್ಮೆ ಸೀರೆ ಉಟ್ಟು ಸಿದ್ಧ, ಗಾಡಿ ಸಿದ್ಧವಿಲ್ಲ. ಶಿವಾಜಿನಗರದಿಂದ ಎಪ್ಪತ್ತು ದಾಟಿದ ಮೇಸ್ತ್ರಿಯನ್ನು ಕರೆಸಿದ್ದಾಯಿತು. ಸದಾ ಲೂನಾದಲ್ಲಿ ಬರುತ್ತಿದ್ದ ಮನುಷ್ಯ ಅವತ್ತು ಹೊಚ್ಚಹೊಸ ಎಸಿ ಕಾರಿನಿಂದ ಇಳಿದ. ಗೇರು ಹಾಕುವ ಗೊಡವೆಯೂ ಇಲ್ಲದ ಗಾಡಿ.

"ಇದೇನ್ ಮೇಸ್ತ್ರಿ, ಫಿಯಟ್‌ಗೆ ಗುರು ನೀವು. ನೀವೇ ಇಂಥದ್ದು ತಗೊಂಡ್ರೆ ಹೇಗೆ?"

ಮೇಸ್ತ್ರಿ ಕಾರ್ಬ್ಯುರೇಟರಿನಿಂದ ತಲೆ ಎತ್ತಲಿಲ್ಲ. "ನಿಮ್ಮಂಥ ನಾಲ್ಕು ಜನ ಇದನ್ನ ಇಟ್ಕೊಂಡಿದೀರಲ್ಲ ಸಾರ್, ಅದಕ್ಕೇ ನಾನು ಅದನ್ನ ಇಟ್ಕೊಳ್ಳೋ ಹಾಗಾಯ್ತು."

ಸಾಹೇಬರಿಗೆ ಕೇಳಿಸಲಿಲ್ಲ, ಅಷ್ಟರಲ್ಲಿ ಇಂಜಿನ್ ಹತ್ತಿಕೊಂಡಿತ್ತು. ಮಗು ಪಾಸಾದ ಖುಷಿಯಲ್ಲಿ "ಬಾರೇ, ಹೊರಡೋಣ!" ಎಂದು ಕೂಗಿ ತಿರುಗಿದರು. ಆಕೆ ಆಗಲೇ ಮೇಸ್ತ್ರಿಯ ಕಾರಿನಲ್ಲಿ ಕೂತು, ಎಸಿಯ ಗಾಳಿಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು.