ತಾಜಾತನ ಮೀಮಾಂಸೆ: ಮಾಸ್ತಿ ಸೀಮೆಯಲ್ಲಿ ತರಕಾರಿ ಶೋಧನೆಯ ಶಾಸ್ತ್ರೀಯ ವಿವೇಚನೆ

1. ಪೀಠಿಕೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಮಾಸ್ತಿ ಎಂಬ ಊರಿನ ಹೆಸರನ್ನು ಹೊತ್ತು ಕನ್ನಡದಲ್ಲಿ ಹೊರಬಂದಿರುವ ಸಂಶೋಧನೆಯು ಬಹುಮಟ್ಟಿಗೆ 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಥೆ ಕಾದಂಬರಿಗಳನ್ನು ಕುರಿತದ್ದಾಗಿದ್ದು, ಅದೇ ಸೀಮೆಯಲ್ಲಿ ಗೋಣಿತಾಟು ಹಾಸಿ ಬದನೆಕಾಯಿ ಗುಡ್ಡೆ ಹಾಕಿಕೊಂಡು ಕೂತವರ ಕಡೆಗೆ ವಿದ್ವಾಂಸರು ಕಣ್ಣೆತ್ತಿ ನೋಡಿದ್ದು ಸಾರಿಗೆ ತರಕಾರಿ ಇಲ್ಲದಿದ್ದಾಗ ಮಾತ್ರ. ಈ ಲೋಪವನ್ನು ತುಂಬುವುದೇ ಪ್ರಸ್ತುತ ಗ್ರಂಥದ ಉದ್ದೇಶ. ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಒಂದೇ: ನಾಲ್ಕು ದಿಕ್ಕಿಗೂ ತೋಟಗಳೇ ಇರುವ ನಾಡಿನಲ್ಲಿ ತಾಜಾ ತರಕಾರಿಯನ್ನು ಹುಡುಕಬೇಕಾಗಿ ಬರುವುದೇಕೆ, ಹಾಗೂ ಹುಡುಕಿದವನಿಗೆ ಅದು ಸಿಕ್ಕಿತೆಂಬುದಕ್ಕೆ ಪ್ರಮಾಣವೇನು?

2. ಲಕ್ಷಣ ನಿರೂಪಣೆ

ಯಾವ ಶಾಸ್ತ್ರವೇ ಆಗಲಿ ಲಕ್ಷಣವಿಲ್ಲದೆ ಮುಂದುವರಿಯಲಾರದಾದ್ದರಿಂದ, ಮೊದಲು 'ತಾಜಾ' ಮತ್ತು 'ಸ್ಥಳೀಯ' ಎಂಬ ಎರಡನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಗಿಡದಿಂದ ಕಿತ್ತು ಒಂದು ಹಗಲು ಕಳೆಯದ ಪದಾರ್ಥವು ತಾಜಾ ಎಂಬುದು ಕೊಳ್ಳುವವರ ಮತ. ಇನ್ನೂ ಮಾರಾಟವಾಗದೆ ಉಳಿದಿರುವ ಪದಾರ್ಥವೆಲ್ಲವೂ ತಾಜಾ ಎಂಬುದು ಮಾರುವವರ ಮತ. ಎರಡು ಮತಗಳ ನಡುವಣ ಅಂತರವನ್ನು ನೀರು ಚಿಮುಕಿಸುವ ತಂಬಿಗೆಯು ತಕ್ಕಮಟ್ಟಿಗೆ ತುಂಬುತ್ತದೆ.

'ಸ್ಥಳೀಯ' ಎಂಬುದರ ಲಕ್ಷಣವು ಇನ್ನೂ ತೊಡಕಿನದು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕಡೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ಸೇರಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸಿ ಆ ಮೂಲಕ ಅಂತರ್ಜಲವನ್ನು ಮೇಲೆತ್ತುವುದು ಯೋಜನೆಯ ಗುರಿ. ಅಂದಮೇಲೆ ಬೆಂಗಳೂರಿನ ಗೃಹಸ್ಥನು ಸ್ನಾನ ಮಾಡಿ ಚೆಲ್ಲಿದ ನೀರು ಕೆರೆಯನ್ನು ಸೇರಿ, ಕೆರೆಯಿಂದ ನೆಲಕ್ಕಿಳಿದು, ಸಾವಿರ ಅಡಿ ಆಳದ ಕೊಳವೆಬಾವಿಗೆ ಜೀವ ಕೊಟ್ಟು, ಅಲ್ಲಿಂದ ಟೊಮೆಟೊ ಆಗಿ ಮೇಲೆದ್ದು, ಲಾರಿ ಹತ್ತಿ ಅದೇ ಗೃಹಸ್ಥನ ಅಡುಗೆಮನೆಗೆ ಮರಳುತ್ತದೆಂದರೆ, ಆ ಟೊಮೆಟೊ ಯಾವ ಊರಿಗೆ ಸ್ಥಳೀಯ ಎಂಬ ಪ್ರಶ್ನೆಗೆ ತರ್ಕಶಾಸ್ತ್ರದಲ್ಲಿ ಉತ್ತರವಿದ್ದಂತೆ ತೋರುವುದಿಲ್ಲ. ಆದ್ದರಿಂದ ಕೊಂಡವನು ನಡೆದೇ ಹೋಗಿ ನೋಡಿ ಬರಬಹುದಾದ ಹೊಲದಲ್ಲಿ ಬೆಳೆದದ್ದು ಸ್ಥಳೀಯ ಎಂದು ಈ ಗ್ರಂಥದಲ್ಲಿ ಇಟ್ಟುಕೊಳ್ಳಲಾಗಿದೆ; ಆತ ನಡೆಯುತ್ತಾನೆಯೇ ಎಂಬುದು ಬೇರೆ ವಿಚಾರ.

3. ಪ್ರಮಾಣ ವಿಚಾರ

ನೈಯಾಯಿಕರು ಜ್ಞಾನಕ್ಕೆ ಒಪ್ಪಿಕೊಂಡಿರುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳೂ ತರಕಾರಿ ವ್ಯವಹಾರದಲ್ಲಿ ಬಳಕೆಯಲ್ಲಿವೆ.

ಪ್ರತ್ಯಕ್ಷವೆಂದರೆ ಇಂದ್ರಿಯಗಳಿಂದ ನೇರವಾಗಿ ಅರಿಯುವುದು. ಬೆಂಡೆಕಾಯಿಯ ತುದಿ ಮುರಿಯುವುದು, ಸೋರೆಕಾಯಿಗೆ ಉಗುರು ಚುಚ್ಚುವುದು, ಟೊಮೆಟೊವನ್ನು ಹಿಸುಕುವುದು ಇದರ ವಿಧಾನಗಳು. ಆದರೆ ಇಲ್ಲೊಂದು ದೋಷವಿದೆ: ಹತ್ತು ಮಂದಿ ತುದಿ ಮುರಿದು ನೋಡಿ ಬಿಟ್ಟ ಬೆಂಡೆಕಾಯಿಯ ಗುಡ್ಡೆಯು ಮಧ್ಯಾಹ್ನದ ಹೊತ್ತಿಗೆ ನಿಜವಾಗಿಯೂ ಬಾಡಿರುತ್ತದಾದ್ದರಿಂದ, ಹನ್ನೊಂದನೆಯವನು 'ಇದು ತಾಜಾ ಅಲ್ಲ' ಎಂದು ಕೊಡುವ ತೀರ್ಪು ಸತ್ಯವೇ ಆದರೂ ಆ ಸತ್ಯವನ್ನು ಉಂಟುಮಾಡಿದ್ದು ಪರೀಕ್ಷೆಯೇ ಆಗಿರುತ್ತದೆ.

ಅನುಮಾನವೆಂದರೆ ಕಂಡ ಗುರುತಿನಿಂದ ಕಾಣದ್ದನ್ನು ಊಹಿಸುವುದು. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವ ಕ್ರಮದಲ್ಲಿಯೇ ಮೂಲಂಗಿಯ ಬೇರಿಗೆ ಅಂಟಿದ ಹಸಿ ಕೆಮ್ಮಣ್ಣಿನಿಂದ ಹತ್ತಿರದ ಹೊಲವನ್ನು ಊಹಿಸಬಹುದು. ಅವರೆಕಾಯಿಯ ವಿಷಯದಲ್ಲಂತೂ ಹುಳುವೇ ಲಿಂಗ, ಅಂದರೆ ಊಹೆಗೆ ಆಧಾರವಾದ ಗುರುತು: ಕಾಯಿ ಸುಲಿದಾಗ ಹುಳು ಜೀವಂತವಾಗಿದ್ದರೆ ಔಷಧಿ ಹೊಡೆದಿಲ್ಲವೆಂದು ತಿಳಿಯಬೇಕು. ಈ ಅನುಮಾನವನ್ನು ಸಭೆಗಳಲ್ಲಿ ಸಮರ್ಥಿಸುವ ಸಾವಯವವಾದಿಗಳು ಮನೆಯಲ್ಲಿ ಸುಲಿಯುವಾಗ ಕಿರುಚುತ್ತಾರೆಂಬುದು ಪ್ರಮಾಣದ ದೋಷವಲ್ಲ.

ಹಿಂದಿನ ವಾರ ತಂದದ್ದಕ್ಕೆ ಈ ವಾರದ್ದನ್ನು ಹೋಲಿಸುವುದು ಉಪಮಾನ. ಹಿಂದಿನ ವಾರದ್ದನ್ನು ಇನ್ನೂ ಫ್ರಿಜ್ಜಿನಲ್ಲಿಟ್ಟುಕೊಂಡಿರುವವರಿಗೆ ಇದು ಸುಲಭಸಾಧ್ಯ.

ಶಬ್ದವೆಂದರೆ ನಂಬಲರ್ಹನಾದ ಆಪ್ತನ ಮಾತು. "ನಮ್ಮ ತೋಟದ್ದೇ ಅಕ್ಕ, ಬೆಳಗ್ಗೆ ಕಿತ್ತಿದ್ದು" ಎಂಬುದು ಈ ಸೀಮೆಯ ಮಹಾವಾಕ್ಯ. ಇದನ್ನು ಸೊಪ್ಪು, ಬದನೆ, ಹುರುಳಿಕಾಯಿಗಳ ಬಗ್ಗೆ ಹೇಳಿದಾಗ ಒಪ್ಪಬಹುದಾದರೂ, ಊಟಿಯ ಕ್ಯಾರೆಟ್ಟು ಮತ್ತು ನಾಸಿಕದ ಈರುಳ್ಳಿಗಳ ಗುಡ್ಡೆಯ ಮುಂದೆಯೂ ಅದೇ ವಾಕ್ಯ ಕೇಳಿಬರುವಾಗ ಶ್ರೋತೃವು ಅದನ್ನು ವಿಧಿವಾಕ್ಯವೆಂದು ತೆಗೆದುಕೊಳ್ಳದೆ ಅರ್ಥವಾದ, ಅಂದರೆ ಬರಿಯ ಹೊಗಳಿಕೆ, ಎಂದು ತಿಳಿಯತಕ್ಕದ್ದು.

4. ಮೂರು ಪಂಥಗಳು

ತಾಜಾತನವನ್ನು ಅರಸುವವರಲ್ಲಿ ಸಂತೆ ಪಂಥ, ರಸ್ತೆಬದಿ ಪಂಥ, ತೋಟ ಪಂಥ ಎಂಬ ಮೂರು ಭೇದಗಳು ಕಾಣುತ್ತವೆ.

ಸಂತೆ ಪಂಥವು ಅತ್ಯಂತ ಪ್ರಾಚೀನವಾದುದು. ಬೆಳೆದವನೇ ತಂದು ಮಾರುವ ಈ ಪದ್ಧತಿಯನ್ನು ಹೊಸದಾಗಿ ಕಂಡುಹಿಡಿದಂತೆ ಗಡಿಯಾಚೆಯ ಎರಡೂ ರಾಜ್ಯಗಳು 1999ರಲ್ಲಿ ಸರ್ಕಾರದ ವತಿಯಿಂದ ಆರಂಭಿಸಿ, ತಮಿಳುನಾಡು ಅದನ್ನು ಉಳವರ್ ಸಂದೈ ಎಂದೂ ಆಂಧ್ರಪ್ರದೇಶವು ರೈತು ಬಜಾರ್ ಎಂದೂ ಕರೆದವು. ಅಲ್ಲಿ ರೈತನು ತಾನು ರೈತನೆಂಬುದಕ್ಕೆ ಗುರುತಿನ ಚೀಟಿ ತೋರಿಸಬೇಕು. ಈ ಸೀಮೆಯ ಸಂತೆಯಲ್ಲಿ ಅಂತಹ ಚೀಟಿಯ ಬದಲಿಗೆ ಉಗುರಿನ ಸಂದಿಯ ಮಣ್ಣನ್ನು ನೋಡಿ ತೃಪ್ತಿಪಡಬೇಕಾಗುತ್ತದೆ. ಸಂತೆಯ ಕಾಲತತ್ತ್ವವು ಎರಡು ಘಟ್ಟಗಳ ಮೇಲೆ ನಿಂತಿದೆ: ಬೆಳಗಿನ ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಹಾಗೂ ಸಂಜೆ ಸಂತೆ ಕರಗುವ ಹೊತ್ತು. ಬೋಣಿಯ ಹೊತ್ತಿನಲ್ಲಿ ಮಾಲು ತಾಜಾ, ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ನಂಬಿಕೆಯೂ ಇರುತ್ತದೆ. ಸಂಜೆ ಮಾಲು ಬಾಡಿದ್ದರೂ ಹೊತ್ತು ಹಿಂದಿರುಗುವ ಕಷ್ಟ ತಪ್ಪಲೆಂದು ಬೆಲೆ ಇಳಿಯುತ್ತದೆ. ಮಾಲು ಬಾಡಿಯೂ ಬೆಲೆ ಇಳಿಯದೆ ಇರುವ ಹೊತ್ತು ಒಂದೇ, ಅದು ನಡುಹಗಲು. ವಿದ್ವಾಂಸರು ಸಾಮಾನ್ಯವಾಗಿ ಸಂತೆಗೆ ಹೋಗುವುದು ಆಗಲೇ.

ರಸ್ತೆಬದಿ ಪಂಥವು ಕಾರುಳ್ಳವರದು. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೂಲಕ ಹಾಯುವ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿಯೂ ಮಾಲೂರಿನ ಒಳರಸ್ತೆಗಳಲ್ಲಿಯೂ ಬುಟ್ಟಿಯಲ್ಲಿ ಹಣ್ಣು ಜೋಡಿಸಿಕೊಂಡು ಕೂತವರನ್ನು ಕಂಡೊಡನೆ ಈ ಪಂಥದವರು ಬ್ರೇಕು ಹಾಕಿ, ಹಣ್ಣಿನ ಹಿಂದೆ ಕಾಣುವ ಹಸುರನ್ನು ನೋಡಿ, 'ಅಗೋ ತೋಟ, ಇಗೋ ಫಲ' ಎಂದು ಸಂಬಂಧ ಕಲ್ಪಿಸಿಕೊಳ್ಳುತ್ತಾರೆ. ಮಾಲೂರು ತಾಲ್ಲೂಕಿನಲ್ಲಿ ಆ ಹಸುರು ಅನೇಕ ವೇಳೆ ನೀಲಗಿರಿ ತೋಪಾಗಿರುತ್ತದೆ. ನೀಲಗಿರಿ ಮರದಲ್ಲಿ ಸೀಬೆಹಣ್ಣು ಬಿಡುವುದಿಲ್ಲವೆಂಬ ಸಸ್ಯಶಾಸ್ತ್ರೀಯ ಸತ್ಯವು ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೊಳೆಯುವುದು ಕಷ್ಟ.

ತೋಟ ಪಂಥದವರು ತಾವೇ ಮರದಿಂದ ಕಿತ್ತುಕೊಳ್ಳದ ಹೊರತು ಯಾವುದನ್ನೂ ತಾಜಾ ಎಂದು ಒಪ್ಪರು. ಇವರಿಗಾಗಿಯೇ ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಬೆಂಗಳೂರಿನವರನ್ನು ಬಸ್ಸಿನಲ್ಲಿ ಮಾವಿನ ತೋಪುಗಳಿಗೆ ಕರೆದೊಯ್ಯುವ ಪ್ರವಾಸಗಳನ್ನು ಏರ್ಪಡಿಸಿದ್ದುಂಟು. ಬಾದಾಮಿ, ರಸಪುರಿ, ಬೇನಿಷಾ, ತೋತಾಪುರಿಗಳಿಗೆ ಹೆಸರಾದ ಶ್ರೀನಿವಾಸಪುರವು ಈ ಪಂಥದ ಕ್ಷೇತ್ರ. ಕ್ಷೇತ್ರಕ್ಕೆ ಬಂದ ಯಾತ್ರಿಕನು ಮೊದಲು ಕಲಿಯುವ ಪಾಠ ಸೊನೆಯದು: ತೊಟ್ಟು ಮುರಿದಾಗ ಚಿಮ್ಮುವ ಈ ರಸವು ತಾಗಿದಲ್ಲಿ ಚರ್ಮ ಸುಡುತ್ತದೆ, ಹಣ್ಣಿನ ಸಿಪ್ಪೆಯ ಮೇಲೆ ಕಪ್ಪು ಕಲೆ ಮಾಡುತ್ತದೆ, ಅದಕ್ಕಾಗಿಯೇ ತಿಳಿದವರು ತುಸು ತೊಟ್ಟು ಉಳಿಸಿ ಕೀಳುತ್ತಾರೆ. ಎರಡನೆಯ ಪಾಠ, ಮರದಲ್ಲಿ ಬಲಿತ ಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕಿ, ಅಂದರೆ ಮುಚ್ಚಿಟ್ಟು ಹಣ್ಣು ಮಾಡಿ, ದಿನಗಟ್ಟಲೆ ಕಾಯಬೇಕೆಂಬುದು. ತಾಜಾ ಮಾವು ತಿನ್ನಲೆಂದು ಹೊರಟವನು ಹೀಗೆ ಮನೆಗೆ ತರುವುದು ತಿನ್ನಲಾಗದಷ್ಟು ತಾಜಾ ಆದ ಕಾಯಿಯನ್ನು. ತೋಪುಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟುಬಿಡುವ ವಾಡಿಕೆಯೂ ಇರುವುದರಿಂದ, ಮರದ ಒಡೆಯನು ತನ್ನ ಮರದ ಹಣ್ಣಿಗೆ ಗುತ್ತಿಗೆದಾರನ ಮುಖ ನೋಡಬೇಕಾದ ಪ್ರಸಂಗವನ್ನು ನ್ಯಾಯಶಾಸ್ತ್ರಜ್ಞರ ಗಮನಕ್ಕೆ ಬಿಡಲಾಗಿದೆ.

ಆದರೆ ತೋಟ ಪಂಥದ ನಿಜವಾದ ಆಚಾರ್ಯರು ಬಸ್ಸಿನಲ್ಲಿ ಬಂದವರಲ್ಲ. ಮಳೆಗಾಲದಲ್ಲಿ ರಾಗಿ ಹೊಲದ ಕಳೆ ಕೀಳುವ ಹೆಂಗಸರು ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ ಮೊದಲಾದ ಸೊಪ್ಪುಗಳನ್ನು ಮಡಿಲಿಗೆ ಹಾಕಿಕೊಂಡು ಬಂದು ಒಟ್ಟಿಗೆ ಬೇಯಿಸಿ ಮಸೆಯುತ್ತಾರೆ. ಇದಕ್ಕೆ ಬೆರಕೆ ಸೊಪ್ಪು ಎಂದು ಹೆಸರು. ಟಿಕೆಟ್ಟಿಲ್ಲದೆ, ತೂಕವಿಲ್ಲದೆ, ಹೊಲದಿಂದ ಒಲೆಗೆ ಒಂದೇ ನಡಿಗೆಯಲ್ಲಿ ತಲುಪುವ ಈ ಪದಾರ್ಥಕ್ಕಿಂತ ತಾಜಾ ಆದದ್ದನ್ನು ಯಾವ ನಿಗಮವೂ ಒದಗಿಸಲಾರದು. ಕಳೆನಾಶಕ ಹೊಡೆದ ಹೊಲದಲ್ಲಿ ಮಾತ್ರ ಈ ಪಂಥಕ್ಕೆ ನೆಲೆಯಿಲ್ಲ.

5. ದೋರಗಾಯಿ ನ್ಯಾಯ

ಈಗ ಗ್ರಂಥದ ಮೂಲ ಪ್ರಶ್ನೆಗೆ ಬರಬೇಕು. ಕೋಲಾರದ ಎಪಿಎಂಸಿ ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳ ಸಾಲಿಗೆ ಸೇರಿದ್ದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿಯೂ ಗಡಿಯಾಚೆ ಮದನಪಲ್ಲಿಯಲ್ಲಿಯೂ ಇದರ ಜ್ಞಾತಿಗಳಿವೆ. ಇಲ್ಲಿ ಮಂಡಿಗಳಲ್ಲಿ, ಅಂದರೆ ಕಮಿಷನ್ನಿಗೆ ಮಾಲು ಮಾರಿಸಿಕೊಡುವ ಅಂಗಡಿಗಳಲ್ಲಿ, 15 ಕೆಜಿಯ ಬಾಕ್ಸುಗಳು ಹರಾಜಾಗಿ ಉತ್ತರ ಭಾರತದ ರಾಜ್ಯಗಳವರೆಗೂ ಹೋಗುತ್ತವೆ. ಅಷ್ಟು ದೂರ ಲಾರಿಯಲ್ಲಿ ಹೋಗಬೇಕಾದ ಟೊಮೆಟೊವನ್ನು ಪೂರ್ತಿ ಹಣ್ಣಾಗುವ ಮೊದಲೇ, ಬಣ್ಣ ತಿರುಗುವ ದೋರಗಾಯಿ ಹಂತದಲ್ಲಿಯೇ ಕೀಳಬೇಕು. ಗಿಡದಲ್ಲೇ ಕೆಂಪಗೆ ಹಣ್ಣಾದದ್ದು, ತುಸು ಬಿರಿದದ್ದು, ಆಕಾರ ಸೊಟ್ಟಗಾದದ್ದು, ತೆಳುಸಿಪ್ಪೆಯ ಹುಳಿ ನಾಟಿ ಟೊಮೆಟೊ, ಇವನ್ನು ಲಾರಿ ಒಲ್ಲದು.

ಲಾರಿಯ ಈ ಅಭಿರುಚಿಯನ್ನೇ ಪೇಟೆಯ ಗಿರಾಕಿಯು ತನ್ನ ಅಭಿರುಚಿಯೆಂದು ತಿಳಿದಿದ್ದಾನೆ. ಆತನಿಗೆ ಬೇಕಾದ ಗಟ್ಟಿಯಾದ, ಗುಂಡಗಿನ, ಹೊಳೆಯುವ ಟೊಮೆಟೊ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಅಡುಗೆಮನೆಯ ಸಾರಿಗೆ ಹೇಳಿ ಮಾಡಿಸಿದ್ದು ಹೊಲದ ಬದುವಿನಲ್ಲಿಯೇ ಉಳಿದಿರುತ್ತದೆ. ಅವರೆಯ ಇತಿಹಾಸವೂ ಇದೇ ದಾರಿಯದು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ಮಧ್ಯೆ ಬಿಟ್ಟ ಬೇರೆ ಬೆಳೆಯ ಸಾಲಿನಲ್ಲಿ, ಬೆಳೆದು ಚಳಿಗಾಲದ ಇಬ್ಬನಿ ಕುಡಿದ ಅವರೆಗೆ ಸೊಗಡೆಂಬ ಅಂಟು ಪರಿಮಳವಿರುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯವು ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲಾದರೂ ಕಾಯಿ ಬಿಡುವ ತಳಿಗಳನ್ನು ಕೊಟ್ಟ ಮೇಲೆ ಬೇಸಿಗೆಯಲ್ಲಿಯೂ ಹಿತಕಿದ ಬೇಳೆ ಸಾರು ಸಾಧ್ಯವಾಯಿತು, ಸೊಗಡು ಮಾತ್ರ ಡಿಸೆಂಬರಿನಲ್ಲಿಯೇ ಉಳಿದುಕೊಂಡಿತು.

ಇದರಿಂದ ಹೊರಡುವ ನ್ಯಾಯವನ್ನು ದೋರಗಾಯಿ ನ್ಯಾಯವೆಂದು ಕರೆಯಬಹುದು: ಯಾವುದು ಮಾರುಕಟ್ಟೆಗೆ ಯೋಗ್ಯವೋ ಅದು ತಾಜಾ ಅಲ್ಲ, ಯಾವುದು ತಾಜಾವೋ ಅದು ಮಾರುಕಟ್ಟೆಗೆ ಯೋಗ್ಯವಲ್ಲ. ತೋಟಗಳ ನಡುವಿನ ಊರಿನಲ್ಲಿ ತಾಜಾ ತರಕಾರಿ ಹುಡುಕಬೇಕಾಗಿ ಬರುವುದು ಅದು ಇಲ್ಲದೆ ಇರುವುದರಿಂದಲ್ಲ, ಹುಡುಕುವವನು ಲಾರಿಯ ಕಣ್ಣಿನಿಂದ ಹುಡುಕುವುದರಿಂದ.

6. ಕೊಸರು ಪ್ರಕರಣ

ಕೊಸರೆಂದರೆ ಬೆಲೆ ತೀರ್ಮಾನವಾಗಿ, ತೂಕವಾಗಿ, ಚೀಲಕ್ಕೆ ಬಿದ್ದ ಮೇಲೆ ಗಿರಾಕಿಯು ಹಕ್ಕಿನಿಂದ ಕೇಳುವ ಹೆಚ್ಚುವರಿ ಹಿಡಿ. ತಕ್ಕಡಿಯ ಮುಳ್ಳು ಸರಿಯಾಗಿ ನಿಂತರೆ ಅನ್ಯಾಯವಾಯಿತೆಂದೂ, ಗಿರಾಕಿಯ ಕಡೆಗೆ ವಾಲಿದರೆ ಮಾತ್ರ ಸಮತೂಕವೆಂದೂ ಭಾವಿಸುವುದು ಇದರ ತಾತ್ವಿಕ ನೆಲೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಮುಳ್ಳು ಹೋಯಿತಾದರೂ ಸಿದ್ಧಾಂತ ಉಳಿಯಿತು. ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ನಡೆಯುವುದರಿಂದ, ಒಂದು ಭಾಷೆಯಲ್ಲಿ ನಿರಾಕರಿಸಲ್ಪಟ್ಟ ಕೊಸರನ್ನು ಇನ್ನೊಂದರಲ್ಲಿ ಹೊಸದಾಗಿ ಕೇಳಲು ಅವಕಾಶವಿದೆ.

ಕೊಸರಿನ ನೀತಿಯನ್ನು ಪರೀಕ್ಷಿಸಲು ಬೆಲೆಯ ಏರಿಳಿತವನ್ನು ನೋಡಬೇಕು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2000 ರೂಪಾಯಿಯನ್ನು ದಾಟಿದಾಗ ರೈತರು ಹೊಲದಲ್ಲಿ ರಾತ್ರಿ ಕಾವಲು ಕೂತರು, ಗೃಹಸ್ಥರು ದೇಶದ ಆರ್ಥಿಕತೆಯ ಬಗ್ಗೆ ಚಿಂತಿತರಾದರು. ಕಿತ್ತ ಕೂಲಿ, ಲಾರಿ ಬಾಡಿಗೆ, ಮಂಡಿ ಕಮಿಷನ್ ಮೂರೂ ಹುಟ್ಟದಷ್ಟು ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಟೊಮೆಟೊವನ್ನು ರೈತರು ರಸ್ತೆಗೆ ಸುರಿದು ಹೋದಾಗ ಗೃಹಸ್ಥರಿಗೆ ಅಂತಹ ಚಿಂತೆ ಹತ್ತಿದ್ದು ಕಂಡುಬಂದಿಲ್ಲ. ಅವರು ಆಗಲೂ ಕೊಸರು ಕೇಳುತ್ತಿದ್ದರು. ಆದ್ದರಿಂದ ಕೊಸರು ಬೆಲೆಯನ್ನು ಅವಲಂಬಿಸಿದ್ದಲ್ಲ, ಸ್ವಭಾವವನ್ನು ಅವಲಂಬಿಸಿದ್ದು ಎಂದು ಸಿದ್ಧವಾಗುತ್ತದೆ.

7. ನಿರ್ಣಯ

ಈವರೆಗಿನ ವಿಚಾರದಿಂದ ನಾಲ್ಕು ವಿಧಿಗಳು ಹೊರಡುತ್ತವೆ. ತಾಜಾ ಬೇಕಾದವನು ಬೋಣಿಯ ಹೊತ್ತಿಗೆ ಎದ್ದು ಹೋಗತಕ್ಕದ್ದು. ಲಾರಿ ಬೇಡವೆಂದದ್ದನ್ನು, ಅಂದರೆ ಬಿರಿದ ಟೊಮೆಟೊ, ಸೊಟ್ಟ ಬದನೆ, ಹುಳುವಿರುವ ಅವರೆಗಳನ್ನು, ಮೊದಲು ಕೊಳ್ಳತಕ್ಕದ್ದು. ಬೆಲೆ ಬಿದ್ದ ಕಾಲದಲ್ಲಿ ಕೊಸರು ಕೇಳುವುದು ನಿಷಿದ್ಧ. ಏರಿದ ಕಾಲದಲ್ಲಿ ಕೇಳಿದರೆ ಸಿಗುವುದಿಲ್ಲವಾದ್ದರಿಂದ ನಿಷೇಧದ ಅಗತ್ಯವಿಲ್ಲ. ಕಡೆಯದಾಗಿ, ಬೆಂಡೆಕಾಯಿಯ ತುದಿ ಮುರಿದವನು ಆ ಕಾಯಿಯನ್ನು ಕೊಂಡೇ ಹೋಗತಕ್ಕದ್ದು. ಇದಕ್ಕೆ ವಿದ್ವಾಂಸರೂ ಹೊರತಲ್ಲ.