ಕೇಳಿಸಿಕೊಳ್ಳುವ ಹುಡುಗ

ಕೊಳಗಲ್ಲಿನಲ್ಲಿ ಯಾರಾದರೂ ‘ಯಪ್ಪಾ, ಸಾಕಾತು’ ಅಂದರೆ ಮುಗೀತು, ಆ ಹುಡುಗ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಿರುತ್ತಾನೆ. ಬಳ್ಳಾರಿಯಲ್ಲಿ ಸೈಕಾಲಜಿ ಓದಿ ಬಿ.ಎ. ಮುಗಿಸಿದ್ದಾನೆ. ಈಗ ಕೌನ್ಸೆಲಿಂಗ್‌ನಲ್ಲಿ ಎಂ.ಎಸ್ಸಿ. ಮಾಡಲು ಬೆಂಗಳೂರಿಗೆ ಅರ್ಜಿ. ಜೊತೆಗೆ ಸ್ವಯಂಸೇವೆಯ ಪ್ರಮಾಣಪತ್ರವಿದ್ದರೆ ಅರ್ಜಿಗೆ ತೂಕವಂತೆ. ಹಾಗಾಗಿ ಗಂಟೆಗಳನ್ನು ವಹಿಯಲ್ಲಿ ಬರೆದಿಡುತ್ತಾನೆ.

ಹೆಚ್ಚು ಗಂಟೆ ಕೊಟ್ಟವರು ಅವನ ಚಿಕ್ಕಪ್ಪ. ಮೆಣಸಿನಕಾಯಿ ಬೆಳೆಗಾರರು, ಪತ್ರಿಕೆಗೆ ಬರೆಯುವ ಚಪಲವೂ ಉಂಟು. ಈ ಸಾಲುಗಳಲ್ಲೂ ಅವರ ಕೈಯಿರುವ ಗುಮಾನಿಯಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದು ವಾಪಸು ಬಂದ ರಾತ್ರಿ, ಕಾಲು ತೊಳೆಯುವ ಮೊದಲೇ ಪ್ರಶ್ನೆ:

“ದರ ಬಿದ್ದಾಗ ನಿಮಗ ಹೆಂಗನಿಸ್ತು, ಚಿಕ್ಕಪ್ಪ?”

“ಹೆಂಗನಿಸೋದೇನಲೇ? ಲಾರಿ ಬಾಡಿಗೀನೂ ಹುಟ್ಟಲಿಲ್ಲ.”

“ಅಂದ್ರ, ಬಾಡಿಗಿ ಹುಟ್ಟಲಿಲ್ಲಂತ ನಿಮಗ ಬ್ಯಾಸರಾಗೈತಿ.”

“ಅದನ್ನ ಹೇಳಿದ್ನಲ್ಲೋ!”

“ನಾ ಕೇಳಿಸಿಕೊಳ್ಳಲಿಲ್ಲಂತ ಸಿಟ್ಟು ಬಂದೈತಿ.”

ಬಂದಿತ್ತು, ನಿಜ. ಆಡಿದವರ ಭಾವವನ್ನು ಅವರಿಗೇ ತಿರುಗಿಸಿ ತೋರಿಸುವ ಈ ವಿದ್ಯೆ ಅಮೆರಿಕದ ಕಾರ್ಲ್ ರೋಜರ್ಸ್ ಅವರದು; 1951ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ರೋಜರ್ಸ್ ಬ್ಯಾಡಗಿಗೆ ಲೋಡು ಹಾಕಿದವರಲ್ಲ.

ಪಾನ್ ಅಂಗಡಿಯ ಗೋಡೆಗೆ 14416 ಅಂಟಿಸಿದ್ದೂ ಇವನೇ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕೆಲವರು ಅದನ್ನು ಮಟ್ಕಾ ನಂಬರೆಂದು ಬರೆದುಕೊಂಡರು.

ಒಂದು ವಿಷಯ ಬಂದಾಗ ಮಾತ್ರ ಅವನು ಪ್ರಶ್ನೆ ಬಿಟ್ಟು ಉತ್ತರ ಕೊಡುತ್ತಾನೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿದರು. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಇದನ್ನು ಹೇಳುವಾಗ ಅವನ ದನಿ ಏರುತ್ತದೆ. ಚಿಕ್ಕಪ್ಪನಿಗೂ ಒಳಗೊಳಗೇ ಹೆಮ್ಮೆ. ಬೆಂಗಳೂರಿನ ಫೀಸು ಕೇಳಿದ ಮೇಲೆ ಹೆಮ್ಮೆ ತುಸು ಇಳಿಯಿತು.

ಮೊನ್ನೆ ಬಸ್ಸಿಗೆ ಕಾಯುತ್ತಿದ್ದಾಗ ಅಜ್ಜಿಯೊಬ್ಬಳು ಅವನನ್ನು ಡಾಕ್ಟ್ರೇ ಎಂದು ಕರೆದು ಮೊಣಕಾಲಿಗೆ ಗುಳಿಗೆ ಕೇಳಿದಳು. “ನಾ ಡಾಕ್ಟ್ರಲ್ಲ ಅಜ್ಜಿ” ಅಂದ. ಹಾಗಾದರೆ ಕೂತ್ಕೋ ಎಂದು, ಫೋನು ಮಾಡದ ಮಗನ ಕಥೆ ತೆಗೆದಳು. ಹುಡುಗ ಹೆಂಗನಿಸ್ತು ಎಂದು ಕೇಳಲೇ ಇಲ್ಲ. ಎರಡು ಬಸ್ಸು ಹೋದವು. ಆ ಹೊತ್ತು ವಹಿಯಲ್ಲಿ ಸೇರಿಲ್ಲ. ಸಹಿ ಹಾಕಲು ಅಜ್ಜಿಗೆ ಬರೋದಿಲ್ಲ, ಹೆಬ್ಬೆಟ್ಟನ್ನು ಕಾಲೇಜಿನವರು ಒಪ್ಪುತ್ತಾರೋ ಇಲ್ಲವೋ.