ದಡಕ್ಕೆ ಎಳೆದ ಬೋಟು

ಜೂನ್ ಒಂದಕ್ಕೆ ಬೋಟುಗಳು ದಡ ಹತ್ತಿದವೆಂದರೆ ನಮ್ಮ ಪಕ್ಕದ ಮನೆಯ ಅಣ್ಣನಿಗೆ ಹೊತ್ತು ಹೋಗುವುದಿಲ್ಲ. ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಅವರ ಪರ್ಸೀನ್ ಬೋಟು ಕಾರವಾರದ ಬೈತಖೋಲದಲ್ಲಿ. ಅವರು ಇಲ್ಲಿ ಅಂಕೋಲೆಯಲ್ಲಿ, ನಮ್ಮಿಬ್ಬರ ಹಿತ್ತಲ ನಡುವಿನ ದಾಸವಾಳದ ಬೇಲಿಯ ಹತ್ತಿರ, ಕೈಯಲ್ಲಿ ಚಹಾ ಲೋಟ. ಮಳೆ ತುಸು ಹೊಳವಾದರೆ ಸಾಕು, "ಅಕ್ಕೋರೇ" ಎಂದು ಕೂಗು ಬರುತ್ತದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ್ದಕ್ಕೆ ಊರಿಗೆಲ್ಲ ನಾನು ಅಕ್ಕೋರೇ.

ಮೊನ್ನೆಯ ಕೂಗಿನಲ್ಲಿ ಸಿಟ್ಟಿತ್ತು. ಹಿಂದಿನ ರಾತ್ರಿ ಮೊಮ್ಮಗನ ಜೊತೆ ಟಿವಿಯಲ್ಲಿ ಫುಟ್ಬಾಲ್ ನೋಡಿದ್ದಾರೆ. ಯಾರೋ ಒಬ್ಬ ಆಟಗಾರ ಮಂಡಿ ಹಿಡಿದುಕೊಂಡು ಬಿದ್ದನಂತೆ, ಸ್ಟ್ರೆಚರಿನ ಮೇಲೆ ಹೊತ್ತುಕೊಂಡು ಹೋದರಂತೆ. ಇನ್ನು ಎಂಟು ತಿಂಗಳು ಅವನಿಗೆ ಆಟ ಇಲ್ಲ, ಸಂಬಳ ಮಾತ್ರ ಪೂರ್ತಿ ಎಂದು ಮೊಮ್ಮಗ ಮೊಬೈಲ್ ನೋಡಿ ಹೇಳಿದ್ದೇ ಅಣ್ಣನಿಗೆ ನಿದ್ದೆ ಹಾರಿದೆ.

"ಎಂಟು ತಿಂಗಳು ಅಕ್ಕೋರೇ! ಕಾಲು ಚಾಚಿ ಮಲಗಿದವಗೆ ಲಕ್ಷಗಟ್ಲೆ ಎಂತಕೆ ಕೊಡೂದು? ಆಡಿದ್ರೆ ದುಡ್ಡು, ಇಲ್ದಿದ್ರೆ ಇಲ್ಲ. ನಮ್ಮ ಬೋಟಲ್ಲೂ ಹಂಗೇ. ಸಮುದ್ರಕ್ಕೆ ಹೋದವಗೆ ಪಾಲು. ದಡದಲ್ಲಿ ಕೂತವಗೆ ಎಂತಾ ಪಾಲು?"

"ಅಣ್ಣ, ಅವ ಬಿದ್ದದ್ದು ಎಲ್ಲಿ?"

"ಮೈದಾನದಲ್ಲಿ."

"ಓಡ್ತಾ ಇದ್ದದ್ದು ಯಾರ ಸಲುವಾಗಿ?"

"ಕ್ಲಬ್ಬಿನ ಸಲುವಾಗಿ."

"ಹಂಗಾದ್ರೆ ಆ ಮಂಡಿ ಯಾರ ಲೆಕ್ಕಕ್ಕೆ ಬರಬೇಕು?"

ಅವರು ಚಹಾ ಕುಡಿದರು, ಉತ್ತರ ಹೇಳಲಿಲ್ಲ. ನಾನು ಬಟ್ಟೆ ಹಿಂಡುವುದನ್ನು ಬಿಟ್ಟು ಬೇಲಿಗೆ ಬಂದೆ. ಮಂಡಿಯ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಮೊದಲನೆಯದಾಗಿ ಅವನು ಕಾಲು ಚಾಚಿ ಮಲಗಿರುವುದಿಲ್ಲ. ಮಂಡಿಯೊಳಗೆ ತೊಡೆಯ ಎಲುಬನ್ನೂ ಮೊಣಕಾಲ ಕೆಳಗಿನ ಎಲುಬನ್ನೂ ಬಿಗಿದು ಹಿಡಿದ ಒಂದು ನಾರು ಇದೆ. ಎಸಿಎಲ್ ಎನ್ನುತ್ತಾರೆ. ಎಷ್ಟೋ ಸಲ ಯಾರೂ ತಾಗದೆ, ಓಡುತ್ತಿದ್ದವನು ಗಕ್ಕನೆ ತಿರುಗಿದಾಗಲೇ ಅದು ಹರಿಯುತ್ತದೆ. ಮತ್ತೆ ಮೈದಾನಕ್ಕಿಳಿಯಬೇಕೆಂದರೆ ಸಾಮಾನ್ಯವಾಗಿ ಅವನದೇ ಮೈಯ ಬೇರೊಂದು ಕಡೆಯಿಂದ ನಾರು ತೆಗೆದು ಅಲ್ಲಿ ಕಸಿ ಮಾಡುತ್ತಾರೆ. ಆಮೇಲೆ ಕಾಲು ಮಡಚುವುದನ್ನು, ಮೆಟ್ಟಿಲು ಹತ್ತುವುದನ್ನು, ಓಡುವುದನ್ನು ಮಗುವಿನ ಹಾಗೆ ಮೊದಲಿಂದ ಕಲಿಯಬೇಕು. ದಿನಾ, ನೋವಿನಲ್ಲಿ. ಅದೂ ದುಡಿಮೆಯೇ. ನೋಡಲು ಜನ ಸೇರುವುದಿಲ್ಲ, ಅಷ್ಟೇ.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರು ತಮ್ಮ ಮಾದರಿ ಕರಾರಿನಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ. ಆಟದಿಂದಾದ ಗಾಯಕ್ಕೆ ಮೊದಲ 18 ತಿಂಗಳು ಮೂಲ ಸಂಬಳ ಪೂರ್ತಿ, ಆಮೇಲೆ ಅರ್ಧ. ಬೇರೆ ಕಾಯಿಲೆ ಕಸಾಲೆಗೆ 12 ತಿಂಗಳು ಪೂರ್ತಿ, ಆಮೇಲೆ ಅರ್ಧ. ಆಟದಲ್ಲಿ ಮುರಿದ ಕಾಲಿಗೂ ಮನೆಯಲ್ಲಿ ಬಂದ ಜ್ವರಕ್ಕೂ ಬೇರೆ ಬೇರೆ ಲೆಕ್ಕ ಇಟ್ಟದ್ದು ನನಗೆ ನ್ಯಾಯವಾಗಿಯೇ ಕಾಣುತ್ತದೆ.

"ಅರ್ಧ ಆದ್ರೆ ಸೈ," ಎಂದರು ಅಣ್ಣ. "ಕೋಟಿ ದುಡಿಯೂವವ ಅರ್ಧ ಕೋಟಿಯಲ್ಲಿ ಬದುಕಲಿಕ್ಕೆ ಆಗೂದಿಲ್ವಾ?"

ಕೋಟಿಯವನು ಬದುಕುತ್ತಾನೆ. ಆದರೆ ಕೋಟಿಯವನ ಮುಖ ನೋಡಿ ನಿಯಮ ಮಾಡಿದರೆ ಅದು ಹೋಗಿ ಬೀಳುವುದು ತಿಂಗಳಿಗೆ ಇಪ್ಪತ್ತೋ ಮೂವತ್ತೋ ಸಾವಿರಕ್ಕೆ ಆಡುವ ಹುಡುಗನ ಮೇಲೆ. ನಮ್ಮ ರಾಜ್ಯದ ದೊಡ್ಡ ಕ್ಲಬ್ಬನ್ನೇ ನೋಡಿ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2018-19ರಲ್ಲಿ ಐಎಸ್‌ಎಲ್ ಗೆದ್ದ ತಂಡ. 2025ರ ಆಗಸ್ಟಿನಲ್ಲಿ, ಲೀಗೇ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲಿ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತೇವೆ ಎಂದು ಪ್ರಕಟಿಸಿತು. ಕಾಲು ನೆಟ್ಟಗಿದ್ದವರಿಗೇ ಹಾಗೆ. ಗೋವೆಯಲ್ಲಿ ಡೆಂಪೊ, ಸಾಳಗಾಂವಕರ್, ಸ್ಪೋರ್ಟಿಂಗ್ ಮೂರೂ 2016ರಲ್ಲಿ ಐ-ಲೀಗಿನಿಂದ ಹೊರಬಂದಾಗ ಎಷ್ಟು ಹುಡುಗರು ಬೇರೆ ದಾರಿ ಹುಡುಕಬೇಕಾಯಿತು!

ಹಿಂದಿನವರಿಗೆ ಇಷ್ಟು ದುಡ್ಡಿರಲಿಲ್ಲ, ಆಸರೆ ಇತ್ತು. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳಲ್ಲಿ ಆಡುವವನು ಆ ಕಾರ್ಖಾನೆಯ ನೌಕರ. ಮಂಡಿ ಹೋದರೆ ಆಟ ಹೋಗುತ್ತಿತ್ತು, ಹಾಜರಿ ಪುಸ್ತಕದ ಹೆಸರು ಹೋಗುತ್ತಿರಲಿಲ್ಲ. ಈಗಿನ ಹುಡುಗನಿಗೆ ಕರಾರು ಮುಗಿದ ದಿನ ಎಲ್ಲವೂ ಮುಗಿಯಿತು. ಸಂಬಳ ಪೂರ್ತಿ ಕೊಡಬೇಕೋ ಅರ್ಧವೋ ಎಂದು ನಾವು ಜಗಳಾಡುತ್ತೇವೆ. ಕರಾರೇ ಒಂದು ಸೀಸನ್ನಿನದಾದರೆ ಆ ಜಗಳಕ್ಕೆ ಜಾಗವೇ ಇಲ್ಲ.

ಇದು ನನಗೆ ಹೇಗೆ ಗೊತ್ತೆಂದರೆ, ನನ್ನ ತಮ್ಮ. ನಾವು ಹುಟ್ಟಿ ಬೆಳೆದದ್ದು ಕಾರವಾರದ ಕೋಡಿಬಾಗದಲ್ಲಿ. ಇಳಿತಕ್ಕೆ ಉಸುಕು ಬಿಗಿಯಾದ ಕೂಡಲೇ ಹುಡುಗರು ಬಾಲು ಹಿಡಿದು ಹೊರಡುತ್ತಿದ್ದರು. ಕಾರವಾರದವರಿಗೆ ಫುಟ್ಬಾಲ್ ಗೋವೆಯ ಗಾಳಿಯಲ್ಲೇ ಬರುತ್ತದೆ. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದ ಹೊತ್ತಿಗೆ ಅವನು ಗೋವೆಯ ಒಂದು ಸಣ್ಣ ಕ್ಲಬ್ಬಿಗೆ ಸೇರಿದ. ಎಡಗಡೆಯಿಂದ ಓಡುತ್ತಿದ್ದ. ಅಪ್ಪ ಒಂದು ಭಾನುವಾರವೂ ಬಿಡದೆ ಬಸ್ಸು ಹತ್ತಿ ನೋಡಲು ಹೋಗುತ್ತಿದ್ದರು.

ಎರಡನೇ ವರ್ಷ ಮಂಡಿ ಬಾತಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೂರಿಸುತ್ತಾರೆ, ಕೂರಿಸಿದ ಪಂದ್ಯದ ದುಡ್ಡು ಕಡಿಯುತ್ತಾರೆ, ಮುಂದಿನ ವರ್ಷ ಕರೆಯುವುದೇ ಇಲ್ಲ. ರಾತ್ರಿ ಐಸು ಕಟ್ಟಿಕೊಂಡು, ಬೆಳಿಗ್ಗೆ ಪಟ್ಟಿ ಸುತ್ತಿಕೊಂಡು, ನೋವಿನ ಗುಳಿಗೆ ನುಂಗಿ ಆರು ಪಂದ್ಯ ಆಡಿದ. ಏಳನೆಯದರಲ್ಲಿ ಬಿದ್ದ. ಮೊದಲ ದಿನವೇ ಹೇಳಿ ಕೂತಿದ್ದರೆ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದಾಗ ಅವನು ನನ್ನ ಮುಖ ನೋಡಲಿಲ್ಲ. ಅದು 1998, ಕೊಂಕಣ ರೈಲು ಉದ್ದಕ್ಕೂ ಓಡತೊಡಗಿದ ವರ್ಷ. ಮಡಗಾಂವದಿಂದ ಕಾರವಾರಕ್ಕೆ ಆ ರೈಲಿನಲ್ಲೇ ಅವನನ್ನು ಕರೆತಂದೆವು. ಅವನಿಗೆ 24.

ಅದಕ್ಕೇ ನಾನು ಪೂರ್ತಿ ಸಂಬಳ ಎನ್ನುವುದು. ದಯೆಯ ಮಾತು ಪಕ್ಕಕ್ಕಿರಲಿ. ಗಾಯವಾದರೆ ಸಂಬಳ ಕಡಿಯುತ್ತಾರೆ ಎಂದು ಗೊತ್ತಿದ್ದವನು ಗಾಯ ಮುಚ್ಚಿಡುತ್ತಾನೆ. ಮುಚ್ಚಿಟ್ಟ ಗಾಯ ದೊಡ್ಡದಾಗುತ್ತದೆ. ಆಗ ಕ್ಲಬ್ಬಿಗೆ ಹೋಗುವುದು ಎಂಟು ತಿಂಗಳಲ್ಲ, ಇಡೀ ಆಟಗಾರ.

ಆಟ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಮೈದಾನದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡೂ ಗೋಲು ಹೊಡೆದ. ಎರಡನೆಯದನ್ನು ಹೊಡೆಯುವಾಗ ಮೋಹನ್ ಬಾಗಾನಿನ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಬಿದ್ದವನು ಮತ್ತೆ ಏಳಲಿಲ್ಲ. ನನ್ನ ತಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಅಣ್ಣನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೋಟಿನ ಮಾಲೀಕನ ಪ್ರಶ್ನೆಯನ್ನೇ ಕೇಳಿದರು. "ಸರಿ ಅಕ್ಕೋರೇ, ಆದ್ರೆ ಕೊಡೂವವ ಎಲ್ಲಿಂದ ತರಬೇಕು? ಮೀನೇ ಬರ್ದಿದ್ರೆ?"

"ನಿಮ್ಮ ಬೋಟು ಈಗ ಎಲ್ಲಿದೆ?" ಎಂದೆ.

"ದಡದಲ್ಲಿ."

"ಎರಡು ತಿಂಗಳು ಒಂದು ತಾರ್ಲೆಯೂ ತರೂದಿಲ್ಲ. ಹಂಗಂತ ಬಿಟ್ಟುಬಿಟ್ರಾ? ಬಣ್ಣ ಬಳಿಸ್ತೀರಿ, ಇಂಜಿನ್ ಬಿಚ್ಚಿಸ್ತೀರಿ, ಬಲೆ ರಿಪೇರಿ ಮಾಡಿಸ್ತೀರಿ. ಬ್ಯಾಂಕಿನ ಕಂತು ಕಟ್ತೀರಿ, ವಿಮೆ ಕಟ್ತೀರಿ. ಆಗಸ್ಟಿನಲ್ಲಿ ಅದು ಮತ್ತೆ ಸಮುದ್ರಕ್ಕೆ ಇಳೀಬೇಕು ಅಂತ. ಆಟಗಾರನ ಮಂಡಿಯೂ ದಡಕ್ಕೆ ಎಳೆದ ಬೋಟೇ ಅಣ್ಣ."

ವಿಮೆಯ ದಾರಿ ಫುಟ್ಬಾಲಿನವರಿಗೂ ಗೊತ್ತು. ದೇಶದ ತಂಡಕ್ಕೆ ಆಡುವಾಗ ಆಟಗಾರ ಗಾಯಗೊಂಡು 28 ದಿನಕ್ಕಿಂತ ಹೆಚ್ಚು ಕೂತರೆ, ಅವನ ಸಂಬಳದ ಹೊರೆಗೆ ಫಿಫಾ ಕ್ಲಬ್ಬಿಗೆ ಪರಿಹಾರ ಕೊಡುವ ಯೋಜನೆ 2012ರಿಂದ ಇದೆ. ಅಂದರೆ ಮಾಲೀಕನ ಕಷ್ಟವನ್ನೂ ಯಾರೋ ಕೂತು ಯೋಚಿಸಿದ್ದಾರೆ. ನಮ್ಮಲ್ಲಿ ಇಎಸ್‌ಐ ಇರುವ ಕಾರ್ಖಾನೆಯ ಕೆಲಸಗಾರನಿಗೆ, ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವನಿಗೆ, ಕೆಲಸದಲ್ಲಿ ಗಾಯವಾದರೆ ಗುಣವಾಗುವ ತನಕ ಕೂಲಿಯ ಶೇ 90 ಸಿಗುತ್ತದೆ. 1923ರ ಹಳೆಯ ಪರಿಹಾರ ಕಾಯ್ದೆಯಲ್ಲಿ ತಾತ್ಕಾಲಿಕ ಗಾಯಕ್ಕೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ 25 ಇತ್ತು. ತಿಂಗಳಿಗೆ ಲೆಕ್ಕ ಹಾಕಿದರೆ ಅಣ್ಣ ಹೇಳಿದ ಅರ್ಧ.

ಬೋಟಿನಲ್ಲಿ ದುಡಿಯುವ ಖಲಾಸಿಗೆ? ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆ ಇದೆ. ಸತ್ತರೆ, ಪೂರ್ತಿ ಅಂಗವಿಕಲನಾದರೆ 5 ಲಕ್ಷ. ಭಾಗಶಃ ಶಾಶ್ವತ ಊನಕ್ಕೆ ಎರಡೂವರೆ ಲಕ್ಷ. ಆಸ್ಪತ್ರೆ ಖರ್ಚಿಗೆ 25,000. ಒಳ್ಳೆಯದೇ. ಆದರೆ ಕೈ ಮುರಿದು ಆಸ್ಪತ್ರೆಯಿಂದ ಮನೆಗೆ ಬಂದವನು, ಸಾಯದೆ, ಊನವೂ ಆಗದೆ, ನಾಲ್ಕು ತಿಂಗಳು ಎಲುಬು ಕೂಡುವುದನ್ನು ಕಾಯುತ್ತ ಕೂತರೆ ಒಲೆ ಹೇಗೆ ಉರಿಯಬೇಕು ಎಂಬುದಕ್ಕೆ ಆ ವಿಮೆಯಲ್ಲಿ ಜಾಗ ಇಲ್ಲ.

ಇದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ಒಬ್ಬ ಹುಡುಗ ಇದ್ದ. ಅಣ್ಣನ ಮನಸ್ಸಿನಲ್ಲೂ ಇದ್ದ. ಮೇ ತಿಂಗಳಲ್ಲಿ ಅವರ ಬೋಟಿನ ವಿಂಚಿಗೆ ಕೈ ಸಿಕ್ಕಿದ ಒಡಿಶಾದ ಖಲಾಸಿ. ಆಸ್ಪತ್ರೆಯ ಬಿಲ್ಲು ಅಣ್ಣನೇ ಕಟ್ಟಿದರು, ಊರಿಗೆ ಹೋಗುವ ಟಿಕೆಟ್ಟನ್ನೂ ತೆಗೆಸಿಕೊಟ್ಟರು. ಆಗಸ್ಟಿಗೆ ಬರುತ್ತೇನೆ ಎಂದು ಹೋಗಿದ್ದಾನೆ.

"ಮೊನ್ನೆ ಫೋನ್ ಮಾಡಿದ್ದ," ಎಂದರು ಅಣ್ಣ. "ಕೈ ಸರಿ ಆಯ್ತು ಅಂದ."

"ಸರಿ ಆಗಿದ್ಯೋ, ಸರಿ ಆಯ್ತು ಅಂತ ಹೇಳ್ತಾ ಇದ್ದಾನೋ?"

ಅಣ್ಣ ಲೋಟದ ತಳದ ಚಹಾವನ್ನು ದಾಸವಾಳದ ಬುಡಕ್ಕೆ ಚೆಲ್ಲಿದರು. ಬೋಟು ತನ್ನೊಬ್ಬನದಲ್ಲ, ಇನ್ನೂ ಮೂರು ಮಂದಿ ಪಾಲುದಾರರಿದ್ದಾರೆ, ಬೋಟು ನಡೆಸುವ ತಾಂಡೇಲನ ಒಪ್ಪಿಗೆಯೂ ಬೇಕು, ದಡದಲ್ಲಿ ಕೂತ ದಿನದ ಪಾಲನ್ನು ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಒಂದೊಂದಾಗಿ ಹೇಳಿದರು. ಕೇಳಲಿ ಎಂದೆ. ಅರ್ಧ ಪಾಲಾದರೆ ಮಾತಾಡಿ ನೋಡಬಹುದು ಎಂದರು. ವಿಂಚು ಅರ್ಧ ಕೈ ಹಿಡಿಯಿತೇ ಎಂದು ಕೇಳಿದೆ. ಅಷ್ಟರಲ್ಲಿ ಕೇಣಿಯ ಕಡೆಯಿಂದ ಮಳೆ ಮತ್ತೆ ಬಂತು, ಇಬ್ಬರೂ ಒಳಗೆ ಓಡಿದೆವು.

ಬರುವ ಭಾನುವಾರ ಪಾಲುದಾರರು ಬೈತಖೋಲದಲ್ಲಿ ಲೆಕ್ಕಕ್ಕೆ ಕೂರುತ್ತಾರಂತೆ. ಶನಿವಾರ ಸಂಜೆ ಮಳೆ ಹೊಳವಾದರೆ ಈ ಸಲ ನಾನೇ ಮೊದಲು ಕೂಗುತ್ತೇನೆ. ತಮ್ಮನಿಗೂ ಬರಲು ಹೇಳಿದ್ದೇನೆ.